ಬರೆಯದ ನಿಯಮಗಳ ಮೈದಾನದಲ್ಲಿ ಫ್ರಿಟ್ಜ್ ಪೊಲಾರ್ಡ್

ನಮ್ಮಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ. ಅಮೆರಿಕದವರ ಫುಟ್‌ಬಾಲೇ ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆ ಸೀಳಿ ಓಡಬೇಕು, ಇಲ್ಲವೇ ಎಸೆಯಬೇಕು. ಮುಂದಿನ ನಡೆ ಏನು ಅಂತ ತಂಡಕ್ಕೆ ಕೂಗಿ ಹೇಳುವವನು ಕ್ವಾರ್ಟರ್‌ಬ್ಯಾಕ್. ಅವನ ಹಿಂದೆ ಅಕ್ಕಪಕ್ಕ ನಿಂತು ಚೆಂಡು ಪಡೆದು ಓಡುವವರು ಹಾಫ್‌ಬ್ಯಾಕ್‌ಗಳು. ಒಬ್ಬ ತಲೆ, ಉಳಿದವರು ಕಾಲು ಅಂದುಕೊಳ್ಳಿ.

ತಲೆಯ ಜಾಗದಲ್ಲಿ ಕಪ್ಪು ಮನುಷ್ಯ ನಿಲ್ಲಬಾರದು ಅಂತ ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೂ ದಶಕಗಳ ಕಾಲ ಅಲ್ಲಿ ಬಿಳಿಯರೇ ನಿಂತರು. ಈ ಬರೆಯದ ನಿಯಮ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಲು ಫ್ರಿಟ್ಜ್ ಪೊಲಾರ್ಡ್‌ನ ಮೊದಲ ಹತ್ತು ವರ್ಷಗಳ ಆಟ ನೋಡಿದರೆ ಸಾಕು.

ಹುಟ್ಟಿದ್ದು 1894ರ ಜನವರಿ 27ರಂದು, ಶಿಕಾಗೋದಲ್ಲಿ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್‌ನ ಹೆಸರನ್ನೇ ಮನೆಯವರು ಇಟ್ಟರು: ಫ್ರೆಡರಿಕ್ ಡಗ್ಲಾಸ್ ಪೊಲಾರ್ಡ್. ಅವನು ಬೆಳೆದ ರೋಜರ್ಸ್ ಪಾರ್ಕ್ ಬಡಾವಣೆ ಹೆಚ್ಚುಕಡಿಮೆ ಪೂರ್ತಿ ಬಿಳಿಯರದ್ದು. ಜರ್ಮನ್ ಮೂಲದ ನೆರೆಹೊರೆಯವರ ಬಾಯಲ್ಲಿ ಹುಡುಗ ಫ್ರಿಟ್ಜ್ ಆದ, ಆ ಹೆಸರೇ ನಿಂತಿತು. ಅಪ್ಪ ಕ್ಷೌರಿಕ, ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದವನು. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಓದಿನ ಮನೆ ಅದು: ಅಕ್ಕ ನವೋಮಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಮೊದಲ ಕಪ್ಪು ಮಹಿಳೆ, ಅಣ್ಣ ಲೆಸ್ಲಿ ಡಾರ್ಟ್‌ಮತ್ ಕಾಲೇಜಿನ ಪರ ಫುಟ್‌ಬಾಲ್ ಆಡಿದವನು.

ಫ್ರಿಟ್ಜ್ ಕುಳ್ಳ. ತೂಕ 75 ಕೆ.ಜಿ. ಆಸುಪಾಸು. ಈ ಆಟಕ್ಕೆ ಆ ಮೈಕಟ್ಟು ಏನೇನೂ ಸಾಲದು, ಆದರೆ ಓಟ ಮಿಂಚು. ಶಾಲೆ ಮುಗಿಸಿ ಒಂದೆರಡು ಕಾಲೇಜುಗಳ ಬಾಗಿಲು ತಟ್ಟಿ ಅಲೆದ ಮೇಲೆ 1915ರಲ್ಲಿ ರೋಡ್ ಐಲೆಂಡ್ ರಾಜ್ಯದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನೆಲೆ ಸಿಕ್ಕಿತು. ಖರ್ಚಿಗೆ ದುಡ್ಡು ಬೇಕಲ್ಲ, ಸಹಪಾಠಿಗಳ ಸೂಟುಗಳಿಗೆ ಇಸ್ತ್ರಿ ಹಾಕುವ ಕೆಲಸ ಶುರುಮಾಡಿಕೊಂಡ. ಮೈದಾನದಲ್ಲಿ ಸಿಕ್ಕಿದ್ದು ಹಾಫ್‌ಬ್ಯಾಕ್ ಜಾಗ. ಕಾಲಿನ ಕೆಲಸ.

ಆ ವರ್ಷ ಬ್ರೌನ್ ತಂಡಕ್ಕೆ ಕ್ಯಾಲಿಫೋರ್ನಿಯಾದ ಪಸಾಡೆನಾದಿಂದ ಕರೆ ಬಂತು. ಇವತ್ತು ರೋಸ್ ಬೌಲ್ ಅಂತ ಕರೆಯುವ ಹೊಸ ವರ್ಷದ ಪಂದ್ಯ ಅದು. ದೇಶದ ಈ ತುದಿಯಿಂದ ಆ ತುದಿಗೆ ರೈಲು ಪ್ರಯಾಣ. ಹೋಟೆಲಿನ ಕೌಂಟರಿನಲ್ಲಿ ಎಲ್ಲರಿಗೂ ಕೋಣೆ ಇತ್ತು, ಪೊಲಾರ್ಡ್‌ಗೆ ಮಾತ್ರ ಇರಲಿಲ್ಲ. ಹಾಗಾದರೆ ನಾವ್ಯಾರೂ ಇಲ್ಲಿ ಇರಲ್ಲ ಅಂತ ತಂಡದವರು ಪಟ್ಟುಹಿಡಿದ ಮೇಲೆ ಕೋಣೆ ಹೇಗೋ ಹುಟ್ಟಿಕೊಂಡಿತು. 1916ರ ಜನವರಿ 1ರಂದು ಮಳೆ, ಕೆಸರು. ಓಟಗಾರನ ಕಾಲು ಕೆಸರಲ್ಲಿ ಹೂತರೆ ಏನು ಮಾಡೋದು? ವಾಷಿಂಗ್ಟನ್ ಸ್ಟೇಟ್ 14-0ಯಿಂದ ಗೆದ್ದಿತು. ಆ ಪಂದ್ಯದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಪೊಲಾರ್ಡ್ ಅನ್ನೋದು ದಾಖಲೆಯಾಗಿ ಉಳಿಯಿತು.

ನಿಜವಾದ ಕಥೆ ಆಮೇಲಿನ ಶರತ್ಕಾಲದ್ದು. 1916ರ ಋತುವಿನಲ್ಲಿ ಬ್ರೌನ್ ಮೊದಲ ಎಂಟೂ ಪಂದ್ಯ ಗೆದ್ದಿತು. ನವೆಂಬರಿನಲ್ಲಿ ಯೇಲ್ ವಿರುದ್ಧ 21-6, ಮುಂದಿನ ವಾರವೇ ಹಾರ್ವರ್ಡ್ ವಿರುದ್ಧ 21-0. ಆ ಕಾಲಕ್ಕೆ ಇವೆರಡೂ ಈ ಆಟದ ಜಮೀನ್ದಾರರು. ಒಂದೇ ಋತುವಿನಲ್ಲಿ ಬ್ರೌನ್ ಇಬ್ಬರನ್ನೂ ಮಣಿಸಿತು. ಎರಡೂ ಪಂದ್ಯಗಳನ್ನು ಗೆಲ್ಲಿಸಿಕೊಟ್ಟದ್ದು ಪೊಲಾರ್ಡ್‌ನ ಓಟ. ಕೊನೆಯ ಪಂದ್ಯದಲ್ಲಿ ಕೋಲ್ಗೇಟ್ ಬ್ರೌನನ್ನು ಸೋಲಿಸಿತು, ಅದು ಬೇರೆ ಮಾತು.

ಗ್ಯಾಲರಿಯಿಂದ ಬೈಗುಳ ಬರುತ್ತಿತ್ತು. ಅದಕ್ಕಿಂತ ಅಪಾಯ ನೆಲಕ್ಕೆ ಬಿದ್ದ ಕ್ಷಣ. ಚೆಂಡು ಹಿಡಿದವನು ಬಿದ್ದ ಕೂಡಲೇ ಎದುರಾಳಿಗಳು ಮೇಲೆ ಹಾರಿ ಮೊಣಕಾಲಿನಲ್ಲಿ ಒತ್ತುವ ನೆಪ ಸಿಗುತ್ತಿತ್ತು, ಕಪ್ಪು ಆಟಗಾರನಾದರೆ ರೆಫರಿ ಕೂಡ ಅತ್ತ ನೋಡದಿರಬಹುದು. ಪೊಲಾರ್ಡ್ ಇದಕ್ಕೆ ತನ್ನದೇ ಉಪಾಯ ಮಾಡಿಕೊಂಡ: ಬಿದ್ದ ತಕ್ಷಣ ಬೆನ್ನ ಮೇಲೆ ಹೊರಳಿ, ಎರಡೂ ಕಾಲು ಮೇಲೆತ್ತಿ ಸೈಕಲ್ ತುಳಿದ ಹಾಗೆ ಗಾಳಿಯಲ್ಲಿ ತುಳಿಯುವುದು. ಬೂಟಿನ ಮೊಳೆಗಳ ಮೇಲೆ ಯಾರು ಹಾರುತ್ತಾರೆ? ಪ್ರತಿಭೆ ಇದ್ದರೆ ಸಾಕು, ದಾರಿ ತಾನಾಗಿ ತೆರೆಯುತ್ತೆ ಅಂತ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೇಳಿಸಿಕೊಂಡವನು ನಾನು. ಉಳಿದ ಹಾಫ್‌ಬ್ಯಾಕ್‌ಗಳು ಓಡುವುದನ್ನಷ್ಟೇ ಕಲಿತರೆ ಸಾಕಿತ್ತು. ಇವನು ಬಿದ್ದಾಗ ಬದುಕುವುದನ್ನೂ ಕಲಿಯಬೇಕಾಯಿತು. ಮೆರಿಟ್ ಪಟ್ಟಿಯಲ್ಲಿ ಈ ಎರಡನೇ ಪಾಠಕ್ಕೆ ಅಂಕವಿಲ್ಲ.

ಆ ವರ್ಷದ ಕೊನೆಗೆ ವಾಲ್ಟರ್ ಕ್ಯಾಂಪ್ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅತ್ಯುತ್ತಮರನ್ನು ಆರಿಸಿದ. ಕ್ಯಾಂಪ್ ಅಂದರೆ ಅಮೆರಿಕನ್ ಫುಟ್‌ಬಾಲಿನ ಪಿತಾಮಹ, ಖುದ್ದು ಯೇಲ್‌ನವನು. ತನ್ನ ಯೇಲ್‌ನ್ನು ಸೋಲಿಸಿದ ಹುಡುಗನನ್ನು ಅವನು ಬಿಡುವಂತಿರಲಿಲ್ಲ. ಹಿಂದಿನ ಸಾಲಿನ ಆಟಗಾರನಾಗಿ ಈ ಪಟ್ಟಿ ಸೇರಿದ ಮೊದಲ ಕಪ್ಪು ಹೆಸರು ಪೊಲಾರ್ಡ್‌ನದ್ದು.

ಓದು ಮಾತ್ರ ಹಳಿ ತಪ್ಪಿತ್ತು. ಅಂಕ ಸಾಲದೆ ಬ್ರೌನ್ ಬಿಡಬೇಕಾಯಿತು. ಮೊದಲ ಮಹಾಯುದ್ಧ ಬಂತು, ಸೈನಿಕ ಶಿಬಿರವೊಂದರಲ್ಲಿ ಕೆಲಸ, ಪೆನ್ಸಿಲ್ವೇನಿಯಾದಲ್ಲಿ ಕಪ್ಪು ವಿದ್ಯಾರ್ಥಿಗಳ ಲಿಂಕನ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರಿಕೆ. 1919ರಲ್ಲಿ ಓಹಾಯೋದ ಆಕ್ರನ್ ಊರಿನ ವೃತ್ತಿಪರ ತಂಡ ಸೇರಿದ.

ಆಕ್ರನ್ ಟೈರ್ ಕಾರ್ಖಾನೆಗಳ ಊರು. ಕೆಲಸ ಹುಡುಕಿಕೊಂಡು ದಕ್ಷಿಣ ರಾಜ್ಯಗಳಿಂದ ಬಂದ ಬಿಳಿ ಕಾರ್ಮಿಕರು ಅಲ್ಲಿ ತುಂಬಿದ್ದರು. ಪೊಲಾರ್ಡ್ ತಂಡದವರ ಜೊತೆ ಬಟ್ಟೆ ಬದಲಿಸುವಂತಿರಲಿಲ್ಲ. ಮಾಲೀಕನ ಸಿಗಾರ್ ವ್ಯಾಪಾರದ ಜಾಗದಲ್ಲಿ ಜೆರ್ಸಿ ಹಾಕಿಕೊಂಡು ಪಂದ್ಯಕ್ಕೆ ಹೊರಡುತ್ತಿದ್ದ. 1920ರಲ್ಲಿ ಮುಂದೆ ಎನ್‌ಎಫ್‌ಎಲ್ ಎನಿಸಿಕೊಂಡ ಲೀಗ್ ಶುರುವಾದಾಗ ಒಂದೂ ಪಂದ್ಯ ಸೋಲದೆ ಮೊದಲ ಚಾಂಪಿಯನ್ ಆದದ್ದು ಇದೇ ಆಕ್ರನ್. 1921ರಲ್ಲಿ ತಂಡ ಪೊಲಾರ್ಡ್‌ಗೆ ಆಟದ ಜೊತೆಗೆ ತರಬೇತುದಾರನ ಜವಾಬ್ದಾರಿಯನ್ನೂ ಕೊಟ್ಟಿತು. ಬಿಳಿ ಆಟಗಾರರಿಗೆ ಕಪ್ಪು ಮನುಷ್ಯ ತಂತ್ರ ಹೇಳಿಕೊಡುವುದು, ಆ ಲೀಗಿನಲ್ಲಿ ಅದೇ ಮೊದಲು. ಆ ವರ್ಷ ಅವನ ಕೈಕೆಳಗೆ ಆಡಿದವರಲ್ಲಿ ಒಬ್ಬ ಕೊಲಂಬಿಯಾದ ಕಾನೂನು ವಿದ್ಯಾರ್ಥಿ ಪಾಲ್ ರಾಬ್ಸನ್. ಹೌದು, ಮುಂದೆ ಹಾಡಿ ಜಗತ್ತನ್ನು ಗೆದ್ದ, ರಾಜಕೀಯದ ಕಾರಣಕ್ಕೆ ಪಾಸ್‌ಪೋರ್ಟ್ ಕಳೆದುಕೊಂಡ ಅದೇ ರಾಬ್ಸನ್.

1923ರಲ್ಲಿ ಇಂಡಿಯಾನಾದ ಹ್ಯಾಮಂಡ್ ತಂಡದ ಪರ ಪೊಲಾರ್ಡ್ ಕ್ವಾರ್ಟರ್‌ಬ್ಯಾಕ್ ಜಾಗದಲ್ಲೂ ಆಡಿದ. ಕಾಲಿನ ಕೆಲಸಕ್ಕೆ ಬಂದವನು ತಲೆಯ ಜಾಗ ತಲುಪಿದ್ದು ಹೀಗೆ.

ಬಾಗಿಲು ತೆರೆಯಿತು ಅಂದುಕೊಳ್ಳುವಷ್ಟರಲ್ಲಿ ಮುಚ್ಚಿತು. 1926ರಲ್ಲಿ ಪೊಲಾರ್ಡ್‌ನ ಎನ್‌ಎಫ್‌ಎಲ್ ಆಟ ಮುಗಿಯಿತು. 1933ರ ನಂತರ ಲೀಗಿನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಉಳಿಯಲಿಲ್ಲ, 1946ರ ತನಕ. ನಿಷೇಧದ ಆದೇಶವಿಲ್ಲ, ಠರಾವಿಲ್ಲ, ಸಹಿ ಇಲ್ಲ. ಅಂಥದ್ದೇನೂ ಇರಲೇ ಇಲ್ಲ ಅಂತ ಮಾಲೀಕರು ಹೇಳಬಹುದಿತ್ತು, ಹೇಳಿದರು ಕೂಡ. ಪೊಲಾರ್ಡ್ ಸುಮ್ಮನೆ ಕೂರಲಿಲ್ಲ. ಕಪ್ಪು ಆಟಗಾರರದ್ದೇ ತಂಡಗಳನ್ನು ಕಟ್ಟಿ ನಡೆಸಿದ, ನ್ಯೂಯಾರ್ಕಿನ ಹಾರ್ಲೆಮ್‌ನ ಬ್ರೌನ್ ಬಾಂಬರ್ಸ್ ಅದರಲ್ಲಿ ಒಂದು.

1953ರಲ್ಲಿ ವಿಲ್ಲಿ ಥ್ರೋವರ್ ಶಿಕಾಗೋ ಬೇರ್ಸ್ ಪರ ಒಂದು ಮಧ್ಯಾಹ್ನ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ. ಎಂಟು ಎಸೆತ ಎಸೆದ, ಮೂರು ಕೈಸೇರಿದವು. ಚೆಂಡು ಎದುರಾಳಿಯ ಗೆರೆಯ ಹತ್ತಿರ ಬಂದಾಗ ಅವನನ್ನು ಹೊರಗೆ ಕರೆದು ಬಿಳಿ ಆಟಗಾರನನ್ನು ಇಳಿಸಿದರು. ಪೊಲಾರ್ಡ್ ನಂತರ ಎನ್‌ಎಫ್‌ಎಲ್‌ಗೆ ಎರಡನೇ ಕಪ್ಪು ಮುಖ್ಯ ತರಬೇತುದಾರ ಬಂದದ್ದು 1989ರಲ್ಲಿ, ಆರ್ಟ್ ಶೆಲ್. ಅಷ್ಟು ಹೊತ್ತಿಗೆ ಪೊಲಾರ್ಡ್ 92 ವರ್ಷ ಬದುಕಿ, ತೀರಿಕೊಂಡು ಮೂರು ವರ್ಷವಾಗಿತ್ತು.