ಬೂದಿಕೋಟೆಯ ಹೈದರ್: ಕಲಿತದ್ದು ಮತ್ತು ಕಲಿಸಿದ್ದು

ಉಸ್ತಾದ್ ಅಂದ ಕೂಡಲೇ ನಮ್ಮ ಕರಾವಳಿಯ ಮಕ್ಕಳಿಗೆ ಮದ್ರಸ ನೆನಪಾಗುತ್ತದೆ. ಗಟ್ಟದ ಮೇಲೆ ಹಾಗಲ್ಲ. ಅಲ್ಲಿ ಗರಡಿಮನೆಯಲ್ಲಿ ಕುಸ್ತಿಯ ಪಟ್ಟು ಹೇಳಿಕೊಡುವವರೂ ಉಸ್ತಾದರೇ. ಹಿಂದೆ ಕತ್ತಿವರಸೆ, ಕುದುರೆ ಸವಾರಿ ಕಲಿಸುತ್ತಿದ್ದವರನ್ನೂ ಹಾಗೆಯೇ ಕರೆಯುತ್ತಿದ್ದರು. ನಮಗೆ ಇದು ಮನಸ್ಸಿಗೆ ತಟ್ಟಿದ್ದು ಒಮ್ಮೆ ಸಂಬಂಧಿಕರ ಮದುವೆಗೆ ಅಂತ ಶ್ರೀನಿವಾಸಪುರ ತಾಲೂಕಿನ ಯಲ್ದೂರಿಗೆ ಹೋದಾಗ. ಮಾವಿನ ತೋಪುಗಳ ಸೀಮೆ ಅದು. ಊಟ ಮುಗಿಸಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಕೆಲಸ ಏನು ಅಂತ ಕೇಳಿದರು. ಉಸ್ತಾದ್ ಅಂದೆವು. ಅವರು ನಮ್ಮ ತೋಳನ್ನೊಮ್ಮೆ ನೋಡಿ, ಯಾವ ಗರಡಿ ಅಂತ ಕೇಳಿಬಿಟ್ಟರು! ಮರುದಿನ ಅವರೇ ನಮಗೆ ಕೋಲಾರಕ್ಕೆ ಹೋಗಿ ಮಕ್ಬರಾ ನೋಡಿಕೊಂಡು ಹೋಗಿ ಅಂತ ದಾರಿ ಹೇಳಿದರು. ಆ ಮಕ್ಬರಾದಲ್ಲಿ ಮಲಗಿರುವುದು ಫತೇ ಮುಹಮ್ಮದ್, ನವಾಬ್ ಹೈದರಾಲಿಯವರ ತಂದೆ.

ಹೈದರಾಲಿಯವರ ಹೆಸರು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕೇಳಿದ್ದು ಹೆಚ್ಚಾಗಿ ಟಿಪ್ಪು ಸುಲ್ತಾನರ ತಂದೆ ಅಂತಲೇ. ಓದು ಬರಹ ಬಾರದ ಒಬ್ಬ ಸಿಪಾಯಿ ಯುದ್ಧವಿದ್ಯೆಯನ್ನು ಎಲ್ಲಿ ಕಲಿತರು, ಕಲಿತದ್ದನ್ನು ಇನ್ನೊಬ್ಬರಿಗೆ ಹೇಗೆ ಕಲಿಸಿದರು ಅನ್ನುವುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಕಲಿಸುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ನಮಗೆ ಅದರ ಮೇಲೆಯೇ ಕಣ್ಣು.

ಫತೇ ಮುಹಮ್ಮದರದ್ದು ಸಿಪಾಯಿ ಬದುಕು. ಆರ್ಕಾಟಿನ ನವಾಬರ ಬಳಿ 50 ಮಂದಿ ಅಗ್ನಿಬಾಣದವರ ಮೇಲೆ ಜಮೇದಾರರಾಗಿದ್ದರು. ಮುಂದೆ ಮೈಸೂರಿನ ರಾಕೆಟ್ ಅಂತ ಲೋಕಪ್ರಸಿದ್ಧವಾದ ಆಯುಧದ ಬೀಜ ಆ ಮನೆಯಲ್ಲಿ ಆಗಲೇ ಇತ್ತು ಅನ್ನಿ. ಆಮೇಲೆ ಅವರು ಸಿರಾದ ಸುಬೇದಾರರ ಚಾಕರಿಗೆ ಬಂದು ಕೋಲಾರದ ಫೌಜುದಾರರಾದರು. ಬೂದಿಕೋಟೆ ಜಾಗೀರಾಗಿ ಸಿಕ್ಕಿತು. ಅಲ್ಲಿಯೇ, 1720ರ ನಂತರದ ಒಂದೆರಡು ವರ್ಷದೊಳಗೆ, ಹೈದರ್ ಹುಟ್ಟಿದರು. ಈಗ ಆ ಊರು ಬಂಗಾರಪೇಟೆ ತಾಲೂಕಿಗೆ ಸೇರಿದೆ.

ಹೈದರಿಗೆ ಏಳು ವರ್ಷ ಆಗುವ ಹೊತ್ತಿಗೆ, 1728ರ ಆಸುಪಾಸಿನಲ್ಲಿ, ತಂದೆ ಯುದ್ಧದಲ್ಲಿ ತೀರಿಕೊಂಡರು. ಅಣ್ಣ ಶಹಬಾಜ್ ಒಂದೆರಡು ವರ್ಷ ದೊಡ್ಡವನು, ಅಷ್ಟೆ. ಯತೀಮ್ ಮಕ್ಕಳ ಮೇಲೆ ಕರುಣೆ ತೋರುವ ಬದಲು, ಫತೇ ಮುಹಮ್ಮದರಿಂದ ಹಣ ಬರಬೇಕಿದೆ ಅಂತ ನೆವ ಹೇಳಿ ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನ್ ಆ ಕುಟುಂಬವನ್ನು ದೋಚಿದ. ಇಬ್ಬರು ಮಕ್ಕಳನ್ನೂ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು, ಹೊರಗಿನಿಂದ ಬಾರಿಸಿದರು ಅಂತ ಕಥೆ ಇದೆ. ವಿಧವೆ ತಾಯಿ ಕೈಯಲ್ಲಿದ್ದದ್ದನ್ನೆಲ್ಲ ಕೊಡಲಿ ಅಂತ ಈ ಹಿಂಸೆ. ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಚಾಕರಿಯಲ್ಲಿದ್ದ ದಾಯಾದಿ ಅಣ್ಣ ಹೈದರ್ ಸಾಹೇಬರು ದಳವಾಯಿಗಳಿಂದ ಹೇಳಿಸಿ ಅವರನ್ನು ಬಿಡಿಸಿಕೊಂಡರು. ಕುದುರೆ ಹತ್ತುವುದು, ಆಯುಧ ಹಿಡಿಯುವುದು ಆ ಅಣ್ಣನ ಆಸರೆಯಲ್ಲಿಯೇ ಶುರುವಾಯಿತು.

ಆದರೆ ಅಕ್ಷರ ಹತ್ತಲಿಲ್ಲ. ಕಡೆಯ ತನಕವೂ ಅವರಿಗೆ ಬರೆಯಲು ಬಂದದ್ದು ತಮ್ಮ ಹೆಸರಿನ ಮೊದಲ ಒಂದು ಅಕ್ಷರ, ಅದೂ ತಲೆಕೆಳಗಾಗಿ. ಲೆಕ್ಕ ಮಾತ್ರ ಬಾಯಲ್ಲೇ. ಕನ್ನಡ, ತೆಲುಗು, ಮರಾಠಿ, ತಮಿಳು, ಹಿಂದೂಸ್ತಾನಿ ಎಲ್ಲವನ್ನೂ ಮಾತಾಡುತ್ತಿದ್ದರು. ಕಾಗದ ಒಬ್ಬ ಓದಬೇಕು, ಇನ್ನೊಬ್ಬನ ಹತ್ತಿರ ಮತ್ತೆ ಓದಿಸಬೇಕು, ಒಂದಕ್ಕೊಂದು ತಾಳೆ ನೋಡಬೇಕು. ಅಕ್ಷರ ಇಲ್ಲದವನ ಎಚ್ಚರ ಹಾಗಿರುತ್ತದೆ.

ಇಪ್ಪತ್ತೇಳು ವರ್ಷದ ತನಕ ಹೇಳುವಂಥದ್ದು ಏನೂ ಮಾಡಲಿಲ್ಲ. ಬೇಟೆ ಅಂತ ವಾರಗಟ್ಟಲೆ ಕಾಡು ಸೇರುತ್ತಿದ್ದರು. ನಮ್ಮ ಮನೆಗಳಲ್ಲಿ ಅಂಥ ಹುಡುಗನಿದ್ದರೆ ಇವನು ಕೈಗೆ ಬರುವುದಿಲ್ಲ ಅಂತ ಉಮ್ಮ ಕಣ್ಣೀರು ಹಾಕುತ್ತಿದ್ದರು. 1749ರಲ್ಲಿ ಮೈಸೂರಿನವರು ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿದಾಗ ಅಣ್ಣ ಶಹಬಾಜನ ದಳದಲ್ಲಿ ಹೈದರ್ ಸುಮ್ಮನೆ ಸೇರಿಕೊಂಡವರು. ಗುಂಡು ಹಾರುವ ಕಡೆಯಲ್ಲೆಲ್ಲ ಮುಂದೆ ಇವರೇ. ಸೇನೆಯ ಮುಖ್ಯಸ್ಥ ನಂಜರಾಜಯ್ಯನವರ ಕಣ್ಣಿಗೆ ಬಿದ್ದರು. ಮುತ್ತಿಗೆ ಮುಗಿದ ಮೇಲೆ 50 ಕುದುರೆ, 200 ಕಾಲಾಳು ಮತ್ತು ಕೋಟೆಯ ಒಂದು ಬಾಗಿಲಿನ ಕಾವಲು ಅವರ ಪಾಲಿಗೆ ಬಂತು. ಮರುವರ್ಷ ಟಿಪ್ಪು ಹುಟ್ಟಿದ್ದು ಅದೇ ದೇವನಹಳ್ಳಿಯಲ್ಲಿ.

ನಿಜವಾದ ಪಾಠಶಾಲೆ ಸಿಕ್ಕಿದ್ದು ತಮಿಳು ಸೀಮೆಯಲ್ಲಿ. 1750ರ ಡಿಸೆಂಬರಿನಲ್ಲಿ ಜಿಂಜಿಯ ಹತ್ತಿರ ನಾಸಿರ್ ಜಂಗನ ದೊಡ್ಡ ಪಾಳೆಯದ ಮೇಲೆ ಫ್ರೆಂಚರು ರಾತ್ರಿ ನುಗ್ಗಿದಾಗ ಹೈದರ್ ಅಲ್ಲಿದ್ದರು. ಸಣ್ಣದೊಂದು ಪಡೆ, ಸಾಲು ಬಿಡದೆ, ಒಟ್ಟಿಗೆ ಗುಂಡು ಹಾರಿಸುತ್ತಾ ಸಾವಿರಾರು ಕುದುರೆಯವರನ್ನು ಚದುರಿಸಿದ್ದನ್ನು ಕಣ್ಣಾರೆ ಕಂಡರು. ಆ ಗದ್ದಲದಲ್ಲಿ ಇವರ ಬೇಡರ ಪಡೆಯವರು ಖಜಾನೆಯ ಒಂಟೆಗಳನ್ನು ಹೊಡೆದುಕೊಂಡು ಬಂದದ್ದೂ ಉಂಟು. ಆ ಹಣವನ್ನು ಇವರು ಬಂದೂಕಿಗೆ, ಆಳಿಗೆ ಹಾಕಿದರು. ಆಮೇಲೆ ತಿರುಚಿನಾಪಳ್ಳಿಯ ಮುತ್ತಿಗೆಯಲ್ಲಿ ಇಂಗ್ಲಿಷರು, ಫ್ರೆಂಚರು ಇಬ್ಬರ ಕವಾಯತನ್ನೂ ವರ್ಷಗಟ್ಟಲೆ ನೋಡುವುದಕ್ಕಾಯಿತು. ಬೇರೆ ಸರದಾರರೂ ಅಲ್ಲೇ ಇದ್ದರು, ಅವರೂ ಅದನ್ನೇ ನೋಡಿದರು. ನೋಡಿದ್ದಕ್ಕೂ ಕಲಿತದ್ದಕ್ಕೂ ವ್ಯತ್ಯಾಸ ಇದೆ ಅಂತ ತರಗತಿಯಲ್ಲಿ ನಿಂತವರಿಗೆ ಹೇಳಬೇಕಾಗಿಲ್ಲ.

1755ರಲ್ಲಿ ಡಿಂಡಿಗಲ್ಲಿನ ಫೌಜುದಾರಿಕೆ ಸಿಕ್ಕಿದ ಮೇಲೆ ಅವರು ಕಲಿಸುವ ಕಡೆಗೆ ತಿರುಗಿದರು. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಫಿರಂಗಿಯ ಕಾರ್ಖಾನೆ, ಮದ್ದಿನ ಮನೆ ಕಟ್ಟಿಸಿದರು. ಕವಾಯತು ಹೇಳಿಕೊಡಲು ಆ ಕಡೆಯವರನ್ನೇ ಇಟ್ಟರು. ತನಗೆ ಬಾರದ್ದನ್ನು ಬಲ್ಲವನನ್ನು ಸಂಬಳ ಕೊಟ್ಟು ತಂದು, ತನ್ನವರ ಎದುರು ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತು ನೋಡುವುದು ಅವರ ಪದ್ಧತಿ. ಇದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ. ಹಾಗಂತ ಎಲ್ಲವೂ ಶುದ್ಧ ಅಂತಲ್ಲ. ಗಾಯಾಳುಗಳಿಗೆ ಸರಕಾರದಿಂದ ಹಣ ಬರುತ್ತದೆ ಅಂತ ಗಾಯವೇ ಆಗದವರಿಗೂ ಅರಿಶಿನದ ಪಟ್ಟಿ ಕಟ್ಟಿಸಿ ಲೆಕ್ಕಕ್ಕೆ ನಿಲ್ಲಿಸಿದರು ಅಂತ ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ವಿಲ್ಕ್ಸ್ ಇಂಗ್ಲಿಷರ ಕಡೆಯವನು, ನಿಜ. ಆದರೆ ಆ ಚಾಲಾಕಿ ಹೈದರಿಗೆ ಸಲ್ಲದ್ದು ಅಂತ ಹೇಳುವ ಧೈರ್ಯ ನಮಗಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತಿದ್ದದ್ದು. 1761ರ ಹೊತ್ತಿಗೆ ಮೈಸೂರಿನ ಅಧಿಕಾರ ಅವರ ಕೈಗೆ ಬಂತು. 1763ರಲ್ಲಿ ಬಿದನೂರು, ಅದರ ಹಿಂದೆಯೇ ನಮ್ಮ ಮಂಗಳೂರು. ಮಂಗಳೂರಿನಲ್ಲಿ ಹಡಗಿನ ಪಡೆ ಕಟ್ಟುವ ಕೆಲಸ ನಡೆಯಿತು. 1769ರಲ್ಲಿ ಆರು ಸಾವಿರ ಕುದುರೆಯೊಂದಿಗೆ ಮೂರೂವರೆ ದಿನದಲ್ಲಿ ಮದ್ರಾಸಿನ ಬಾಗಿಲಿಗೆ ಬಂದು ಇಂಗ್ಲಿಷರಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಮಲಬಾರ್, ಕೊಡಗಿನ ಕಡೆ ಅವರ ದಂಡಯಾತ್ರೆಯಿಂದ ಜನ ಪಟ್ಟ ಕಷ್ಟವೂ ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಡುವುದು ಬೇಡ.

ಮಗನ ವಿಷಯಕ್ಕೆ ಬರೋಣ. ತನಗಿಲ್ಲದ ಅಕ್ಷರ ಮಗನಿಗೆ ಬೇಕು ಅಂತ ಪರ್ಶಿಯನ್, ಅರಬಿ ಎಲ್ಲ ಕಲಿಸಲು ಆಲಿಮರನ್ನಿಟ್ಟರು. ಯುದ್ಧವಿದ್ಯೆಗೆ ಘಾಜಿ ಖಾನ್ ಎಂಬ ಅನುಭವಿ ಸರದಾರನನ್ನು ಉಸ್ತಾದ್ ಮಾಡಿದರು. ಹಗುರ ಕುದುರೆ ದಳದೊಂದಿಗೆ ಶತ್ರುವಿನ ಬೆನ್ನ ಹಿಂದೆ ನುಗ್ಗಿ ಮರೆಯಾಗುವುದರಲ್ಲಿ ಹೈದರರ ಪಡೆಯಲ್ಲಿ ಆತನನ್ನು ಮೀರಿಸುವವರಿರಲಿಲ್ಲ. 1767ರಲ್ಲಿ ಹದಿನೇಳರ ಹುಡುಗ ಟಿಪ್ಪು ಆ ಉಸ್ತಾದರ ಜೊತೆ ಮದ್ರಾಸಿನ ಹೊರವಲಯದ ತನಕ ಕುದುರೆ ಓಡಿಸಿದ್ದೇ ಅವನ ಪರೀಕ್ಷೆ. ತಂದೆ ತಾನೇ ಕಲಿಸದೆ ಉಸ್ತಾದರ ಕೈಗೆ ಕೊಟ್ಟದ್ದು ಯಾಕೆ ಅಂತ ನಮಗೆ ಬಹಳ ದಿನ ಅರ್ಥವಾಗಿರಲಿಲ್ಲ. 1771ರ ಕಥೆ ಓದಿದ ಮೇಲೆ ಅರ್ಥವಾಯಿತು.

ಆ ಮಾರ್ಚಿಯಲ್ಲಿ ಮರಾಠರ ದಂಡು ಮೇಲುಕೋಟೆಯ ಹತ್ತಿರ ಹೈದರರನ್ನು ಸುತ್ತುವರಿದಿತ್ತು. ರಾತ್ರಿಯಲ್ಲಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಜಾರಿಕೊಳ್ಳುವ ಯೋಚನೆ. ನಡುವೆ ಒಂದು ಫಿರಂಗಿ ಹಾರಿ ಗುಟ್ಟು ರಟ್ಟಾಯಿತು. ಹೈದರ್ ಮಗನಿಗೆ ಹೇಳಿ ಕಳಿಸಿದರು. ಕತ್ತಲೆ, ಗೊಂದಲ, ಹುಡುಗ ಎಲ್ಲೂ ಸಿಗಲಿಲ್ಲ. ಬೆಳಗಾಗುವಾಗ ಟಿಪ್ಪು ಎದುರಿಗೆ ಬಂದ. ತಂದೆ ಆ ಹೊತ್ತಿಗೆ ಮತ್ತಿನಲ್ಲಿದ್ದರು ಅಂತ ವಿಲ್ಕ್ಸ್ ಬರೆದಿದ್ದಾನೆ. ಬಾಯಿಗೆ ಬಂದಂತೆ ಬೈದು, ಹತ್ತಿರದ ಆಳಿನ ಕೈಯಿಂದ ಕೋಲು ಕಿತ್ತುಕೊಂಡು, ದಳದವರೆಲ್ಲ ನೋಡುತ್ತಿದ್ದಂತೆ ಮಗನ ಬೆನ್ನಿಗೆ ಬಾರಿಸಿದರು. ಬಾಸುಂಡೆ ಹಲವು ದಿನ ಹೋಗಲಿಲ್ಲವಂತೆ. ಇಪ್ಪತ್ತರ ಹರೆಯದ ಟಿಪ್ಪು ತನ್ನ ದಳಕ್ಕೆ ಮರಳಿ ರುಮಾಲು, ಕತ್ತಿ ಎರಡನ್ನೂ ನೆಲಕ್ಕೆಸೆದು, ಇವತ್ತು ಕತ್ತಿ ಹಿರಿಯುವುದಿಲ್ಲ ಅಂತ ಅಲ್ಲಾಹನ ಮೇಲೆ ಆಣೆ ಇಟ್ಟ. ಹಾಗೆಯೇ ನಡೆದುಕೊಂಡ. ಚಿನಕುರಳಿಯ ಗುಡ್ಡಗಳ ಹತ್ತಿರ ಆ ದಿನ ಮೈಸೂರಿನ ಸೇನೆ ಚೂರಾಯಿತು. ಹೈದರ್ ಕುದುರೆ ಹತ್ತಿ ಹೇಗೋ ಪಾರಾದರು.

ಮಗ ಬರಲಿಲ್ಲ. ಸತ್ತನೋ, ಸೆರೆಸಿಕ್ಕನೋ ಯಾರಿಗೂ ಗೊತ್ತಿಲ್ಲ. ಹೈದರ್ ಕೋಟೆಯೊಳಗೆ ಹೋಗದೆ ಹೊರಗಿದ್ದ ಒಂದು ದರ್ಗಾದಲ್ಲಿ ಕುಳಿತು ದುಆ ಮಾಡುತ್ತಿದ್ದರು. ಸೇನೆ ಹೋಗಿದೆ, ಫಿರಂಗಿ ಹೋಗಿದೆ, ಅವರ ಬಾಯಲ್ಲಿ ಮಗನೊಬ್ಬನೇ. ಫಕೀರನ ವೇಷದಲ್ಲಿ, ಶತ್ರುವಿನ ನಡುವೆಯೇ ಬೇಡುತ್ತಾ ನಡೆದು ಟಿಪ್ಪು ಅಲ್ಲಿಗೆ ತಲುಪಿದ. ಆಗ ತಂದೆ ಮಗನ ನಡುವೆ ಏನು ಮಾತಾಯಿತು ಅಂತ ನಾವು ಕಟ್ಟಿ ಹೇಳುವುದಿಲ್ಲ. ಈ ಭಾಗ ಓದಿದ ದಿನ ಮದ್ರಸದಲ್ಲಿ ಸಬಕ್ ಒಪ್ಪಿಸಲು ತಡವರಿಸಿದ ಹುಡುಗನ ಎದುರು ನಮ್ಮ ಕೈ ಮೇಜಿನ ಮೇಲಿದ್ದ ಬೆತ್ತದ ತನಕ ಹೋಗಿ ವಾಪಸು ಬಂತು. ಅಷ್ಟು ಮಾತ್ರ ನಾವು ಹೇಳಬಲ್ಲೆವು.

ಹೈದರ್ ಆಮೇಲೆ ಕೋಲು ಬಿಟ್ಟರು ಅಂತ ತಿಳಿಯಬೇಡಿ. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ ಅಲ್ಲಿ ಚಾವಟಿಯವರ ದೊಡ್ಡ ಗುಂಪೇ ಇತ್ತು, ಹೊಡೆತ ಬೀಳದ ದಿನವಿರಲಿಲ್ಲ, ಅಧಿಕಾರಿಯಾದರೂ ಕುದುರೆ ಆಳಾದರೂ ಒಂದೇ ಅಂತ ಬರೆದಿಟ್ಟಿದ್ದಾನೆ. ಅದೇ ಪಾದ್ರಿ ಇನ್ನೊಂದನ್ನೂ ಕಂಡ. ತಂದೆ ಇಲ್ಲದ ಬಡ ಹುಡುಗರನ್ನು ಹೈದರ್ ಒಟ್ಟುಗೂಡಿಸಿದ್ದರು. ಅನ್ನ, ಬಟ್ಟೆ ಸರಕಾರದ್ದೇ. ಕೈಗೆ ಪುಟ್ಟ ಪುಟ್ಟ ಮರದ ಬಂದೂಕು ಕೊಟ್ಟು ಕವಾಯತು ಮಾಡಿಸುತ್ತಿದ್ದರು. ಆ ಹುಡುಗರನ್ನು ಬೆಳೆಸಿದ್ದು ಸೇನೆಗಾಗಿಯೇ, ಪುಣ್ಯಕ್ಕೆ ಮಾತ್ರ ಅಲ್ಲ. ಆದರೂ ನಗಾರಿಯೊಳಗೆ ಕೂತಿದ್ದ ಯತೀಮ್ ಹುಡುಗನೊಬ್ಬ ಮುದುಕನಾಗಿ ಅಂಗಳದಲ್ಲಿ ಮರದ ಬಂದೂಕಿನ ಸಾಲು ನೋಡುತ್ತಾ ಏನು ನೆನೆದಿರಬಹುದು?

ಮರುವರ್ಷವೇ ಪೊಳ್ಳಿಲೂರಿನಲ್ಲಿ, 1780ರ ಸೆಪ್ಟೆಂಬರಿನಲ್ಲಿ, ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ತಂದೆ ಮಗ ಸೇರಿ ಮುರಿದರು. ಅಗ್ನಿಬಾಣಗಳ ಕೆಲಸ ಅಲ್ಲಿ ಜೋರಾಗಿತ್ತು.

ಬೆನ್ನಿನ ಮೇಲೆ ಎದ್ದ ಹುಣ್ಣು ಅವರನ್ನು ಕೊಂಡೊಯ್ದಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ತೀರಿಕೊಂಡರು. ಟಿಪ್ಪು ದೂರ ಮಲಬಾರಿನ ಕಡೆ ಯುದ್ಧದಲ್ಲಿದ್ದ. ಸುದ್ದಿ ಹೊರಬಿದ್ದರೆ ಸೇನೆ ಒಡೆದೀತು ಅಂತ ಪೂರ್ಣಯ್ಯ, ಕೃಷ್ಣರಾಯ ಮೊದಲಾದವರು ಅದನ್ನು ಅಡಗಿಸಿದರು. ನವಾಬರಿಗೆ ಹುಷಾರಿಲ್ಲ ಅಂತಲೇ ದರ್ಬಾರು ನಡೆಯಿತು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ, ರಾತ್ರಿ ಕೋಲಾರಕ್ಕೆ ಕಳಿಸಿದರು. ಅಲ್ಲಿ ಫತೇ ಮುಹಮ್ಮದರ ಸಮಾಧಿಯ ಬಳಿ ಇಟ್ಟರು. ಏಳು ವರ್ಷದ ಹುಡುಗನನ್ನು ಬಿಟ್ಟುಹೋಗಿದ್ದ ತಂದೆಯ ಪಕ್ಕಕ್ಕೆ ಐವತ್ತು ವರ್ಷ ಮೀರಿದ ಮೇಲೆ ಮಗ ಬಂದದ್ದು ಹೀಗೆ, ಯಾರಿಗೂ ಗೊತ್ತಾಗದಂತೆ. ಟಿಪ್ಪು ಅಧಿಕಾರ ವಹಿಸಿಕೊಂಡ ಮೇಲೆ ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ದರು.

ಯಲ್ದೂರಿನ ಆ ಹಿರಿಯರು ಹೇಳಿದ್ದರಿಂದ ನಾವು ಕೋಲಾರದ ಮಕ್ಬರಾಕ್ಕೆ ಹೋಗಿ ಫಾತಿಹಾ ಓದಿ ಬಂದೆವು. ಬಸ್ಸಿಗೆ ಹೊತ್ತಾಗಿತ್ತು, ಬೂದಿಕೋಟೆಗೆ ಹೋಗಲಾಗಲಿಲ್ಲ.