ಫರ್ಡಿನಾಂಡ್ ಕಿಟ್ಟೆಲ್: ಯಾತನೆಯ ಸಂಕೇತ ಮತ್ತು ಯಜ್ಞದ ಪರಿಭಾಷೆ

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ಕನ್ನಡ ವಿದ್ವತ್ಪರಂಪರೆ ನಿಘಂಟುಕಾರರೆಂದೇ ಸ್ಮರಿಸುತ್ತ ಬಂದಿದೆ. ಸುಮಾರು 70,000 ಪದಗಳ ಆ ಮಹಾಕೋಶದ ನೆರಳಿನಲ್ಲಿ, ಧರ್ಮಬೋಧಕರಾಗಿ ಅವರು ಎದುರಿಸಿದ ಒಂದು ಬಿಕ್ಕಟ್ಟು ಮರೆಯಾಗಿದೆ. ಶಿಲುಬೆಯ ಮೇಲೆ ನರಳಿ ಸತ್ತವನ ನೋವನ್ನು ಕನ್ನಡದ ಯಾವ ಪರಿಭಾಷೆಯಲ್ಲಿ ಹೇಳಬೇಕೆಂಬುದೇ ಆ ಬಿಕ್ಕಟ್ಟು.

1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರಿಸಿಯಾದಲ್ಲಿ ಜನಿಸಿದ ಕಿಟ್ಟೆಲ್, ಬಾಸೆಲ್ ಮಿಶನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಅವರು ಹೊತ್ತು ತಂದ ಧರ್ಮಗ್ರಂಥದಲ್ಲಿ ಯಾತನೆಗೆ ಒಂದೇ ಅರ್ಥವಿಲ್ಲ. ಬೂದಿಯಲ್ಲಿ ಕುಳಿತ ಯೋಬ ದೇವರನ್ನೇ ಪ್ರಶ್ನಿಸುತ್ತಾನೆ; ನೋವು ಪಾಪದ ಫಲವೆನ್ನುವ ಅವನ ಗೆಳೆಯರ ವಾದವನ್ನು ಆ ಗ್ರಂಥವೇ ತಳ್ಳಿಹಾಕುತ್ತದೆ. ಯೆಶಾಯ ಗ್ರಂಥದ 53ನೆಯ ಅಧ್ಯಾಯದ ಸೇವಕನಾದರೋ ಪರರ ಅಪರಾಧವನ್ನು ಹೊತ್ತು ಕುರಿಮರಿಯಂತೆ ಮೌನವಾಗಿರುತ್ತಾನೆ. ಸುವಾರ್ತೆಗಳ ಯೇಸುವಿನಲ್ಲಿ ಈ ಎರಡೂ ಬೆರೆತಿವೆ: ವಿಚಾರಣೆಯಲ್ಲಿ ಮೌನ, ಶಿಲುಬೆಯಲ್ಲಿ ಕೈಬಿಟ್ಟ ದೇವರಿಗೆ ಇಟ್ಟ ಮೊರೆ. ಕರ್ಮಫಲದ ನಂಬಿಕೆ ಬೇರೂರಿದ ಸಮಾಜದಲ್ಲಿ ನಿರ್ದೋಷಿಯ ನರಳಿಕೆಯೆಂದೊಡನೆ ಪೂರ್ವಜನ್ಮದ ಪ್ರಶ್ನೆ ಏಳುವುದು ಸಹಜ.

ಕಿಟ್ಟೆಲ್ ಅವರ ಮೊದಲ ಉತ್ತರ ಕಾವ್ಯದ್ದು. 1862ರ 'ಕಥಾಮಾಲೆ'ಯಲ್ಲಿ ಅವರು ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿಗೆ ಅಳವಡಿಸಿದರು. 1864ರಲ್ಲಿ ಪತ್ನಿ ಪೌಲಿನ್ ತೀರಿಕೊಂಡರು. ಈ ಸಾವನ್ನು ಮುಂದಿನ ಕೃತಿಯ ಪ್ರೇರಣೆಯೆಂದು ಓದುವುದು ಆಕರ್ಷಕವಾದರೂ ಅವಸರದ ಮಾತಾದೀತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಪ್ರಕಟಿಸಿದ 1872ರಲ್ಲಿಯೇ ಹೊರಬಂದ 'ಯಜ್ಞಸುಧಾನಿಧಿ' ಶೋಕದ ಕೃತಿಯಲ್ಲ, ವಾದದ ಕೃತಿ. ವೈದಿಕ ಯಜ್ಞದ ವಿಚಾರವನ್ನು ಕ್ರಿಸ್ತನ ಬಲಿದಾನದೊಂದಿಗೆ ಮುಖಾಮುಖಿಯಾಗಿಸುವ ಪ್ರಯತ್ನವದು.

ಈ ಆಯ್ಕೆಯ ಲಾಭವೂ ನಷ್ಟವೂ ಗಮನಾರ್ಹ. ಒಬ್ಬನ ಸಾವಿನಿಂದ ಹಲವರ ಬಿಡುಗಡೆ ಎಂಬ ಭಾವಕ್ಕೆ ಯಜ್ಞವು ಸಿದ್ಧ ರೂಪಕವನ್ನು ಒದಗಿಸಿತು. ಆದರೆ ಯಜ್ಞದಲ್ಲಿ ಮುಖ್ಯವಾದುದು ಅರ್ಪಣೆಯೇ ಹೊರತು ಪಶುವಿನ ನೋವಲ್ಲ. ಸೇವಕನ ಮೌನ ಈ ಪರಿಭಾಷೆಯಲ್ಲಿ ಉಳಿಯಿತು. ಯೋಬನ ಪ್ರಶ್ನೆಗೆ ಎಡೆ ಸಿಗಲಿಲ್ಲ. ಆ ಪ್ರಶ್ನೆಗೆ ಹತ್ತಿರದ ಕನ್ನಡ ರೂಪಕವನ್ನು ಹುಡುಕುವುದಾದರೆ ರಾಘವಾಂಕನ ಹರಿಶ್ಚಂದ್ರನ ಕಡೆಗೆ ಹೋಗಬೇಕು. ಅಲ್ಲಿಯೂ ಮೇಲಿನ ಲೋಕದ ಪಂಥವೊಂದಕ್ಕೆ ನಿರ್ದೋಷಿ ರಾಜ್ಯವನ್ನೂ ಮಡದಿಮಕ್ಕಳನ್ನೂ ಕಳೆದುಕೊಳ್ಳುತ್ತಾನೆ. ಆದರೆ ಹರಿಶ್ಚಂದ್ರ ದೂರುವುದಿಲ್ಲ, ಯೋಬ ದೂರುತ್ತಾನೆ. ಈ ಅಂತರವನ್ನು ತೌಲನಿಕ ಅಧ್ಯಯನಗಳು ಮರೆಯುವಂತಿಲ್ಲ.

ಮುಂದಿನ ಎರಡು ದಶಕಗಳನ್ನು ಬಹುಪಾಲು ನಿಘಂಟು ನುಂಗಿತು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯ ಸಂಪಾದನೆ, 1894ರಲ್ಲಿ ಮಂಗಳೂರಿನಿಂದ ನಿಘಂಟಿನ ಪ್ರಕಟಣೆ. ಬಲಿ, ಬೇನೆ, ಅಳಲುಗಳಂಥ ಪದಗಳು ಅಲ್ಲಿ ಕ್ರೈಸ್ತ ವಾದದ ಹೊರೆಯಿಲ್ಲದೆ ಅಕಾರಾದಿಯಾಗಿ ಕುಳಿತಿವೆ. 1903ರ ಡಿಸೆಂಬರ್ 18ರಂದು ಕಿಟ್ಟೆಲ್ ಟ್ಯೂಬಿಂಗೆನ್‌ನಲ್ಲಿ ನಿಧನರಾದರು.