ಹವ್ಯಾಸಿಗಳ ಅರಸು ಬಾಬಿ ಜೋನ್ಸ್

ಗಾಲ್ಫ್ ಆಟವನ್ನು ನಾನು ಆಡಿದವನಲ್ಲ. ಹದಿನೆಂಟು ಕುಳಿಗಳಿಗೂ ಅತಿ ಕಡಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸಿದವನು ಗೆದ್ದನೆಂಬಷ್ಟನ್ನು ಮಾತ್ರ ಬಲ್ಲೆ. ಆದರೂ ಆ ಆಟದ ಮಹನೀಯನೊಬ್ಬನ ಚರಿತ್ರೆ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ.

ಬಾಬಿ ಜೋನ್ಸ್ 1902ರಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ವಕೀಲರೊಬ್ಬರ ಮಗನಾಗಿ ಹುಟ್ಟಿದ. ರೋಗಿಷ್ಠ ಮಗುವಾಗಿದ್ದವನು ಹದಿನಾಲ್ಕನೆಯ ವಯಸ್ಸಿಗೇ ರಾಷ್ಟ್ರೀಯ ಹವ್ಯಾಸಿ ಪಂದ್ಯಾವಳಿಗೆ ಇಳಿದ. ಕೈಚಳಕವಿತ್ತು, ತಾಳ್ಮೆಯಿರಲಿಲ್ಲ, ಹೊಡೆತ ತಪ್ಪಿದರೆ ಕೋಲನ್ನೇ ಬಿಸಾಡುತ್ತಿದ್ದ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಚೆಂಡು ಮರಳುಗುಂಡಿಯಿಂದ ಹೊರಬರದಿರಲು, ಸಿಟ್ಟಿನಿಂದ ಸ್ಪರ್ಧೆಯನ್ನೇ ಬಿಟ್ಟ. ಆ ನಾಚಿಕೆಯೇ ಅವನಿಗೆ ಗುರುವಾಯಿತು.

ನಮ್ಮಂತೆ ಅವನೂ ವಿದ್ಯಾರ್ಥಿ. ಜಾರ್ಜಿಯಾ ಟೆಕ್‌ನಲ್ಲಿ ಎಂಜಿನಿಯರಿಂಗ್, ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ಅನಂತರ ಕಾನೂನು ಓದಿದ. ಸ್ಪರ್ಧೆಗಳಲ್ಲಿ ಆಡಿದಷ್ಟು ಕಾಲವೂ ಬಹುಮಾನದ ಹಣವನ್ನು ಮುಟ್ಟಲಿಲ್ಲ. ಹೀಗಿದ್ದೂ 1923ರಿಂದ 1930ರೊಳಗೆ 13 ಮಹಾಪ್ರಶಸ್ತಿಗಳನ್ನು ಗೆದ್ದ.

ಆದರೆ ನನಗೆ ಹಿರಿದಾಗಿ ಕಾಣುವುದು ಅವನ ಒಂದು ಸೋಲು. 1925ರ ಅಮೆರಿಕನ್ ಓಪನ್‌ನಲ್ಲಿ ಹೊಡೆಯಲು ಅಣಿಯಾದಾಗ ಹುಲ್ಲಿನಲ್ಲಿದ್ದ ಚೆಂಡು ತುಸು ಅಲುಗಿತು. ಬೇರೆ ಯಾರೂ ಕಾಣಲಿಲ್ಲ. ಅಧಿಕಾರಿಗಳು ನಿರ್ಣಯವನ್ನು ಅವನಿಗೇ ಬಿಟ್ಟರು. ಅವನು ತನ್ನ ಲೆಕ್ಕಕ್ಕೆ ಒಂದು ದಂಡದ ಹೊಡೆತವನ್ನು ಸೇರಿಸಿಕೊಂಡ. ಕೊನೆಗೆ ಇಬ್ಬರು ಸಮನಾದರು. ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ನಿಗೆ ಒಂದೇ ಹೊಡೆತದಿಂದ ಸೋತ. ಆ ದಂಡವಿಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ!

ಇದನ್ನು ಓದಿದಾಗ ನನಗೆ ನಮ್ಮ ಹಾಸ್ಟೆಲಿನ ವಾಲಿಬಾಲ್ ಪಂದ್ಯ ನೆನಪಾಯಿತು. ಚೆಂಡು ನನ್ನ ಬೆರಳಿಗೆ ತಾಗಿಯೇ ಹೊರಬಿದ್ದಿತ್ತು. ಅಂಪೈರ್ ಕಾಣಲಿಲ್ಲ, ನಾನು ಸುಮ್ಮನಿದ್ದೆ. ನಾವು ಗೆದ್ದೆವು. ಆ ಗೆಲುವು ಇಂದಿಗೂ ನನಗೆ ರುಚಿಸದು.

1930ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಓಪನ್ ಹಾಗೂ ಹವ್ಯಾಸಿ ಪಂದ್ಯಗಳು ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದು, ಇಪ್ಪತ್ತೆಂಟನೆಯ ವಯಸ್ಸಿಗೇ ಸ್ಪರ್ಧೆಗೆ ವಿದಾಯ ಹೇಳಿದ. ಮುಂದೆ ಅಗಸ್ಟಾದ ಕ್ರೀಡಾಂಗಣವನ್ನು ಕಟ್ಟಿಸಿದವರಲ್ಲಿ ಒಬ್ಬನಾದ. 1934ರಲ್ಲಿ ಅಲ್ಲಿ ಆರಂಭವಾದ ಸ್ಪರ್ಧೆಯೇ ಇಂದಿನ ಮಾಸ್ಟರ್ಸ್.

ವಿಧಿ ಕ್ರೂರವಾಯಿತು. ಬೆನ್ನುಹುರಿಯ ರೋಗದಿಂದ 1948ರಲ್ಲಿ ಆಟ ನಿಂತಿತು. ಮೆಲ್ಲಮೆಲ್ಲನೆ ನಡಿಗೆಯೂ ಹೋಯಿತು. ಯಾವ ಊರಿನಲ್ಲಿ ಸಿಟ್ಟಾಗಿ ಆಟ ಬಿಟ್ಟಿದ್ದನೋ ಅದೇ ಸೇಂಟ್ ಆಂಡ್ರೂಸ್ 1958ರಲ್ಲಿ ಅವನಿಗೆ ಗೌರವ ಪೌರತ್ವವನ್ನಿತ್ತಿತು. 1971ರಲ್ಲಿ ಅವನು ತೀರಿಕೊಂಡ.

ಅವನ ನಾಲ್ಕು ಗೆಲುವುಗಳು ನಮ್ಮಂಥವರಿಗೆ ಎಟುಕವು. ಆದರೆ ಆ ಒಂದು ದಂಡದ ಹೊಡೆತ ಎಟುಕದುದೇನಲ್ಲ.